ಕವಚಕ್ಕೆ ಮುನ್ನ ಅಪಾಯವನ್ನು ಅಳೆಯಬೇಕು: ಕೊಡಗಿನ ಮನೆಗೆ ಎಂಥ ರಕ್ಷಣೆ?

ಕಳೆದ ಕೈಲ್‌ಪೊಳ್ದ್ ಹಬ್ಬದ ಮಾರನೆಯ ದಿನ, ಪೂಜೆಗಿಟ್ಟಿದ್ದ ಕೋವಿಗಳನ್ನು ಒರೆಸಿ ಎಣ್ಣೆ ಹಚ್ಚಿ ಮತ್ತೆ ಬೀರುವಿಗೆ ಸೇರಿಸುತ್ತಿದ್ದಾಗ, ನನ್ನ ಅಣ್ಣನ ಮಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿದ. ಕಪ್ಪು ಬಣ್ಣದ ತೋಳಿಲ್ಲದ ಅಂಗಿ, ಎದೆಯ ಮೇಲೆ ನಾಲ್ಕಾರು ಜೇಬು, ಕೆಳಗೆ ‘ಬುಲೆಟ್ ಪ್ರೂಫ್’ ಎಂಬ ದಪ್ಪಕ್ಷರ. ಗದ್ದೆಗೆ ಹಂದಿ ನುಗ್ಗುವ ಕಾಲದಲ್ಲಿ ರಾತ್ರಿ ಕಾವಲಿಗೆ ಹೋಗುವವರು ನಾವು. ಕತ್ತಲಲ್ಲಿ ಯಾರೋ ಹಾರಿಸಿದ ಗುಂಡು ಇನ್ಯಾರಿಗೋ ತಗಲಿದ ಸುದ್ದಿಯನ್ನು ಕೊಡಗಿನಲ್ಲಿ ಕೇಳದವರಿಲ್ಲ. ಹಾಗಿರುವಾಗ ತುರ್ತಿಗೆಂದು ಇಂಥದ್ದೊಂದು ಮನೆಯಲ್ಲಿ ಇರಬೇಡವೇ ಎಂಬುದು ಅವನ ಪ್ರಶ್ನೆ. ಅದೇ ಉಸಿರಿನಲ್ಲಿ, ಕೊಳ್ಳುವುದು ದುಬಾರಿಯಾದರೆ ಲಾರಿಯ ಪಟ್ಟಿ ಕಬ್ಬಿಣವನ್ನೋ ನೆಲದ ಹೆಂಚನ್ನೋ ಜೋಡಿಸಿ ನಾವೇ ಮಾಡಿಕೊಳ್ಳಬಹುದಲ್ಲ ಎಂದೂ ಕೇಳಿದ. ಪ್ರಶ್ನೆ ಹುಡುಗಾಟದ್ದಲ್ಲ. ಆದ್ದರಿಂದ ಉತ್ತರವನ್ನೂ ಅಷ್ಟೇ ಗಂಭೀರವಾಗಿ ಹುಡುಕಿದೆ, ಮತ್ತು ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಎಲ್ಲ ಏಟನ್ನೂ ತಡೆಯುವ ಕವಚ ಎಂಬುದು ಎಲ್ಲೂ ತಯಾರಾಗುವುದಿಲ್ಲ. ತಯಾರಕರ ಅಧಿಕೃತ ಪತ್ರಗಳಲ್ಲಿ ‘ಗುಂಡು ಭೇದಿಸಲಾರದ್ದು’ ಎಂಬ ಅರ್ಥದ ಪದ ಕಾಣಿಸುವುದಿಲ್ಲ. ಇಂಥ ಗುಂಡನ್ನು, ಇಂಥ ವೇಗದಲ್ಲಿ ಬಂದಾಗ, ಇಷ್ಟು ಸಲ ‘ತಡೆಯುವಂಥದ್ದು’ ಎಂದಷ್ಟೇ ಇರುತ್ತದೆ. ಕವಚವೆಂದರೆ ಗೊತ್ತಿರುವ ಒಂದು ಅಪಾಯಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಅಪಾಯದ ಅಳತೆ ತಪ್ಪಿದರೆ ಅಂಗಿಯ ಬೆಲೆ ಎಷ್ಟಿದ್ದರೂ ಅದು ಪರರ ಅಳತೆಯ ಅಂಗಿಯೇ.

ಹಾಗಾದರೆ ಕೊಡಗಿನಲ್ಲಿ ಗುಂಡು ಎಂದರೆ ಯಾವ ಗುಂಡು? ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿ ಹೊಂದುವುದಕ್ಕೆ ಮಾತ್ರ, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಲ್ಲಿಯೂ ಅನ್ವಯಿಸುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಕೋವಿ, ಅಲ್ಲಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಬಳಸುವ ಪಾಯಿಂಟ್ ಟು ಟು ರೈಫಲ್. ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡುಗಳನ್ನು ಎರೆದರೆ ಅದರಲ್ಲೊಂದು ಹೊಗುವಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಅದರ ತೋಟಾದಲ್ಲಿ ಸಾಸಿವೆಯಷ್ಟು ಸಣ್ಣ ಚೆರೆಗಳು, ಅಂದರೆ ಸೀಸದ ಕಾಳುಗಳು, ನೂರಾರು ಇರಬಹುದು, ಎಲ್‌ಜಿ, ಎಸ್‌ಜಿ ಎಂದು ನಾವು ಕರೆಯುವ ಬೆರಳೆಣಿಕೆಯ ದಪ್ಪ ಚೆರೆಗಳಿರಬಹುದು, ಇಲ್ಲವೇ ಒಂದೇ ಒಂದು ದೊಡ್ಡ ಸೀಸದ ಗುಂಡೂ ಇರಬಹುದು. ಒಂದೇ ಕೋವಿಯಿಂದ ಬರುವ ಈ ಮೂರೂ ಮೂರು ಬೇರೆ ಬೇರೆ ಅಪಾಯಗಳು ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಬಟ್ಟೆಯೊಂದು ಗುಂಡನ್ನು ಹೇಗೆ ತಡೆಯುತ್ತದೆ ಎಂಬುದು ನನಗೆ ಬಹುಕಾಲ ಅರ್ಥವಾಗದೆ ಉಳಿದಿದ್ದ ಸಂಗತಿ. ನಮ್ಮ ಹಿತ್ತಲಿನ ಹಲಸಿನ ಮರವೇ ಅದನ್ನು ಕಲಿಸಿತು ಎನ್ನಬಹುದು. ಎತ್ತರದ ಕೊಂಬೆಯ ಹಣ್ಣನ್ನು ಕೊಯ್ದಾಗ ಅದು ನೆಲಕ್ಕಪ್ಪಳಿಸಿ ಒಡೆಯದಂತೆ ನಾಲ್ವರು ಒಂದು ಗೋಣಿತಾಟಿನ ನಾಲ್ಕು ಮೂಲೆಗಳನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ. ಹಣ್ಣು ಬಿದ್ದ ಜಾಗದಲ್ಲಿ ತಾಟು ಕೆಳಕ್ಕೆ ಜಗ್ಗುತ್ತದೆ, ಆ ಜಗ್ಗುವಿಕೆ ನೂಲುಗಳ ಉದ್ದಕ್ಕೂ ಓಡಿ ನಾಲ್ವರ ಕೈಗಳಿಗೆ ಹಂಚಿಹೋಗುತ್ತದೆ, ಹಣ್ಣಿನ ವೇಗ ಒಮ್ಮೆಲೇ ಅಲ್ಲದೆ ಒಂದಿಷ್ಟು ದೂರದಲ್ಲಿ, ಒಂದಿಷ್ಟು ಹೊತ್ತಿನಲ್ಲಿ ಇಳಿಯುತ್ತದೆ. ಮೃದು ಕವಚದ ಕೆಲಸವೂ ಇದೇ. 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಅವರ ಶೋಧನೆಯಿಂದ ಬಂದ ಕೆವ್ಲಾರ್ ಎಂಬ ನಾರು ಅದೇ ತೂಕದ ಉಕ್ಕಿಗಿಂತ ಸುಮಾರು ಐದು ಪಟ್ಟು ಬಲಶಾಲಿ. ಅಂಥ ನಾರಿನ ಹತ್ತಾರು ಪದರಗಳನ್ನು ಒಂದರ ಮೇಲೊಂದು ಜೋಡಿಸಿದಾಗ, ಮೆತ್ತನೆಯ ಸೀಸದ ಗುಂಡು ಮೊದಲ ಪದರಗಳಲ್ಲೇ ಅಣಬೆಯಂತೆ ಚಪ್ಪಟೆಯಾಗಿ ಅಗಲಗೊಳ್ಳುತ್ತದೆ. ಅಗಲವಾದಷ್ಟೂ ಹೆಚ್ಚು ನೂಲುಗಳಿಗೆ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದಷ್ಟೂ ಅದರ ಶಕ್ತಿ ಬಟ್ಟೆಯ ಉದ್ದಗಲಕ್ಕೆ ಹರಡಿಹೋಗುತ್ತದೆ. ಇನ್ನೊಂದು ಬಗೆಯ ನಾರು ಪಾಲಿಎಥಿಲೀನ್‌ನದು, ನಮ್ಮ ಪ್ಲಾಸ್ಟಿಕ್ ಚೀಲದ ವಸ್ತುವಿನ ದೂರದ ನೆಂಟ. ಅದರ ಅಣುಗಳು ಅತಿ ಉದ್ದವಾಗಿ, ಒಂದೇ ದಿಕ್ಕಿಗೆ ಮಲಗಿರುವುದರಿಂದ ಅದಕ್ಕೆ ಆ ಬಲ. ಅದು ನೀರಿಗಿಂತ ಹಗುರ, ನೀರನ್ನು ಹೀರುವುದೂ ಇಲ್ಲ, ಆದರೆ ಬಿಸಿಗೆ ಅಂಜುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ತಿಂಗಳುಗಟ್ಟಲೆ ಬಿಡುವ ವಸ್ತು ಅದಲ್ಲ.

ಹಲಸಿನ ಹಣ್ಣಿನ ಉದಾಹರಣೆಯಲ್ಲಿ ತಾಟು ಕೆಳಕ್ಕೆ ಜಗ್ಗಿದ್ದನ್ನು ಮತ್ತೊಮ್ಮೆ ನೆನೆಯಬೇಕು. ಕವಚವೂ ಹಾಗೆಯೇ ಒಳಮುಖವಾಗಿ ಜಗ್ಗುತ್ತದೆ, ಮತ್ತು ಅದರ ಹಿಂದೆ ಇರುವುದು ಗಾಳಿಯಲ್ಲ, ನಮ್ಮ ಪಕ್ಕೆಲುಬು. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆಯಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ 1972ರಿಂದ ರೂಪಿಸುತ್ತ ಬಂದಿರುವ ಮಾನದಂಡದಲ್ಲಿ ಕವಚವನ್ನು ಜೇಡಿಯಂಥ ಮೆತ್ತನೆಯ ದಿಂಬಿಗೆ ಕಟ್ಟಿ ಗುಂಡು ಹೊಡೆಯುತ್ತಾರೆ. ಗುಂಡು ದಾಟಬಾರದು ಎಂಬುದು ಒಂದು ಷರತ್ತಾದರೆ, ಹಿಂದಿನ ಜೇಡಿಯಲ್ಲಿ ಬಿದ್ದ ಕುಳಿ 44 ಮಿಲಿಮೀಟರ್ ಮೀರಬಾರದು ಎಂಬುದು ಇನ್ನೊಂದು. ನಾಲ್ಕೂವರೆ ಸೆಂಟಿಮೀಟರ್‌ಗೆ ಹತ್ತಿರದ ಕುಳಿ ಎಂದರೆ ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶ ಕಂದಬಹುದು, ಯಕೃತ್ತಿನಲ್ಲಿ ಒಳರಕ್ತಸ್ರಾವವಾಗಬಹುದು. ಆದ್ದರಿಂದ ಕವಚ ಗುಂಡನ್ನು ತಡೆದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಸಿನಿಮಾಗಳಲ್ಲಿ ನಾಯಕನು ಅಂಗಿ ಕೊಡವಿಕೊಂಡು ಎದ್ದು ನಡೆಯುವುದನ್ನು ನೋಡಿ ಬೆಳೆದವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಸಿನಿಮಾದ ಇನ್ನೊಂದು ಸುಳ್ಳೂ ಇಲ್ಲಿಯೇ ಬಯಲಾಗಲಿ. ಗುಂಡು ತಗಲಿದವನು ಹಿಂದಕ್ಕೆ ಹಾರಿ ಬೀಳುವುದಿಲ್ಲ. 28 ಗ್ರಾಂ ತೂಕದ ಒಂಟಿ ಸೀಸದ ಗುಂಡು ಸೆಕೆಂಡಿಗೆ 450 ಮೀಟರ್ ವೇಗದಲ್ಲಿ ಬಂದು 70 ಕಿಲೋ ತೂಕದ ಮನುಷ್ಯನ ಕವಚದಲ್ಲಿ ನಿಂತರೆ, ಅವನಿಗೆ ದೊರಕುವ ಹಿಂಚಲನೆ ಸೆಕೆಂಡಿಗೆ 18 ಸೆಂಟಿಮೀಟರ್‌ನಷ್ಟು ಮಾತ್ರ. ಕೋವಿ ಹಾರಿಸಿದವನ ಹೆಗಲಿಗೆ ಬೀಳುವ ಒದೆತವೂ ಹೆಚ್ಚುಕಡಿಮೆ ಅದೇ ಮಟ್ಟದ್ದು. ಆದರೆ ಅದೇ ಗುಂಡಿನಲ್ಲಿರುವ ಶಕ್ತಿ 2800 ಜೂಲ್‌ಗೂ ಮಿಕ್ಕಿದ್ದು. ಹಾರಿಸಿದವನ ಹೆಗಲ ಮೇಲೆ ಕೋವಿಯ ಹಿಡಿಕೆ ಅಂಗೈಯಗಲಕ್ಕೆ ಮೆಲ್ಲಗೆ ಒತ್ತುತ್ತದೆ. ತಗಲಿದವನ ಎದೆಯ ಮೇಲೆ ಆ ಶಕ್ತಿಯೆಲ್ಲ ಒಂದು ರೂಪಾಯಿ ನಾಣ್ಯದಗಲದಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಇಳಿಯುತ್ತದೆ. ನೂಕಿನಲ್ಲಿ ಇಬ್ಬರೂ ಸಮಾನರು, ಗಾಯದಲ್ಲಿ ಅಲ್ಲ.

ಇನ್ನು ಕವಚಗಳ ಮಟ್ಟಗಳ ವಿಚಾರ. ಮೇಲೆ ಹೇಳಿದ ಅಮೆರಿಕದ ಮಾನದಂಡದ 2008ರ ಆವೃತ್ತಿಯಲ್ಲಿ ಐದು ಮಟ್ಟಗಳಿದ್ದವು: ಎರಡು ಎ, ಎರಡು, ಮೂರು ಎ, ಮೂರು ಮತ್ತು ನಾಲ್ಕು. ಮೊದಲ ಮೂರು ಪಿಸ್ತೂಲು, ರಿವಾಲ್ವರ್‌ಗಳ ಗುಂಡಿಗೆ. ಮೂರು ಮತ್ತು ನಾಲ್ಕು ರೈಫಲ್ ಗುಂಡಿಗೆ. ಮೂರನೆಯ ಮಟ್ಟದ ಪರೀಕ್ಷೆಯಲ್ಲಿ ಬಳಸುವ ರೈಫಲ್ ಗುಂಡು ಸೆಕೆಂಡಿಗೆ 847 ಮೀಟರ್ ವೇಗದಲ್ಲಿ ಬರುತ್ತದೆ, ಮೂರು ಎ ಮಟ್ಟದ ರಿವಾಲ್ವರ್ ಗುಂಡು 436 ಮೀಟರ್ ವೇಗದಲ್ಲಿ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿದ್ದರೂ ಮೂರು ಎ ಮಟ್ಟದ ಮೃದು ಅಂಗಿಯನ್ನು ರೈಫಲ್ ಗುಂಡು ಕಾಗದದಂತೆ ದಾಟಿ ಹೋಗುತ್ತದೆ. ಈ ಗೊಂದಲವನ್ನು ತಪ್ಪಿಸಲೆಂದೇ 2023ರ ಹೊಸ ಆವೃತ್ತಿಯಲ್ಲಿ ಹೆಸರುಗಳನ್ನು ಬದಲಿಸಿ, ಕೈಬಂದೂಕಿಗೆ ಎಚ್‌ಜಿ 1 ಮತ್ತು 2, ರೈಫಲ್‌ಗೆ ಆರ್‌ಎಫ್ 1, 2 ಮತ್ತು 3 ಎಂದು ಕರೆದಿದ್ದಾರೆ. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಐಎಸ್ 17051 ಎಂಬ ಮಾನದಂಡವನ್ನು ಹೊರಡಿಸಿತು. ಅದರಲ್ಲಿರುವ ಆರು ಮಟ್ಟಗಳನ್ನು ನಮ್ಮ ಸೇನೆ ಮತ್ತು ಪೊಲೀಸರು ಎದುರಿಸುವ ಗುಂಡುಗಳನ್ನು ಮನಸ್ಸಿನಲ್ಲಿಟ್ಟು ನಿಗದಿ ಮಾಡಲಾಗಿದೆ. ಜಾಹೀರಾತಿನಲ್ಲಿ ಈ ಎರಡರಲ್ಲಿ ಯಾವುದರ ಉಲ್ಲೇಖವೂ ಇಲ್ಲದೆ ಬರಿಯ ‘ಬುಲೆಟ್ ಪ್ರೂಫ್’ ಎಂದಿದ್ದರೆ ಅದನ್ನು ಅಲ್ಲಿಗೇ ಬಿಡುವುದು ಲೇಸು. ಅಣ್ಣನ ಮಗ ತೋರಿಸಿದ್ದರಲ್ಲಿ ಮಾನದಂಡದ ಹೆಸರಾಗಲಿ, ತಯಾರಾದ ವರ್ಷವಾಗಲಿ ಇರಲಿಲ್ಲ.

ಆದರೆ ನಮಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಅಮೆರಿಕದ ಮಾನದಂಡದ ಈ ಮಟ್ಟಗಳಲ್ಲಿ ಹನ್ನೆರಡು ಬೋರಿನ ಕೋವಿಯೇ ಇಲ್ಲ. ಚೆರೆಯಾಗಲಿ, ಒಂಟಿ ಗುಂಡಾಗಲಿ ಆ ಪರೀಕ್ಷೆಗಳ ಪಟ್ಟಿಯಲ್ಲಿ ಬರುವುದಿಲ್ಲ. ಮೂರು ಎ ಮಟ್ಟದ ಒಳ್ಳೆಯ ಅಂಗಿ ದಪ್ಪ ಚೆರೆಯನ್ನು ಬಹುಮಟ್ಟಿಗೆ ತಡೆದೀತು. ಒಂಟಿ ಗುಂಡನ್ನು ತಡೆದರೂ ಹಿಂದಿನ ಒಳಪೆಟ್ಟು ಪ್ರಾಣಾಂತಿಕವಾಗಬಹುದು. ಅದೂ ಅಂಗಿ ಮುಚ್ಚಿರುವ ಭಾಗಕ್ಕೆ ತಗಲಿದರೆ ಮಾತ್ರ. ಚೆರೆ ಹರಡುವ ವಸ್ತು. ಇಪ್ಪತ್ತು ಮೂವತ್ತು ಮೀಟರ್ ದೂರ ಬರುವಷ್ಟರಲ್ಲಿ ಅದು ಎದೆಗೆ, ಮುಖಕ್ಕೆ, ಕುತ್ತಿಗೆಗೆ, ತೊಡೆಗೆ ಒಟ್ಟಿಗೇ ಬೀಳುತ್ತದೆ, ಮತ್ತು ಅಂಗಿ ಕಾಯುವುದು ಇವುಗಳಲ್ಲಿ ಎದೆಯೊಂದನ್ನೇ. ಪೊಲೀಸರಿಗೂ ಸೈನಿಕರಿಗೂ ಎದೆಯನ್ನು ಮುಚ್ಚುವುದು ಅರ್ಥಪೂರ್ಣ, ಏಕೆಂದರೆ ಅವರ ಮೇಲೆ ಗುರಿಯಿಟ್ಟು ಹಾರಿಸುವವನು ಎದೆಗೇ ಗುರಿಯಿಡುತ್ತಾನೆ. ನಮ್ಮ ತೋಟದಲ್ಲಿ ನಡೆಯುವುದು ಗುರಿ ತಪ್ಪಿದ ಏಟು, ಅಥವಾ ಇನ್ನೂ ನಿಖರವಾಗಿ ಹೇಳುವುದಾದರೆ, ಗುರಿಯನ್ನೇ ತಪ್ಪಾಗಿ ತಿಳಿದು ಹೊಡೆದ ಏಟು: ಪೊದೆಯಲ್ಲಿ ಅಲುಗಿದ್ದು ಹಂದಿ ಎಂದುಕೊಂಡದ್ದು ಮನುಷ್ಯನಾಗಿರುತ್ತಾನೆ.

ಆ ಏಟಿಗೆ ಕವಚ ಬೇರೆಯೇ ಇದೆ, ಅದು ಬಣ್ಣ. ಬೆಂಕಿಯಂತೆ ಹೊಳೆಯುವ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ, ಅದರ ಮೇಲೆ ಟಾರ್ಚಿನ ಬೆಳಕಿಗೆ ಮಿಂಚುವ ಬಿಳಿ ಪಟ್ಟಿ. ಕಾಫಿ ಗಿಡಗಳ ಹಸಿರಿನ ನಡುವೆ, ಮಬ್ಬು ಬೆಳಕಿನಲ್ಲಿ, ಮಂಜಿನಲ್ಲಿ ಕೂಡ ಅದು ಮನುಷ್ಯನ ಕಣ್ಣಿಗೆ ದೂರದಿಂದಲೇ ಎದ್ದು ಕಾಣುತ್ತದೆ. ಹಂದಿ, ಜಿಂಕೆಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ನಮ್ಮಲ್ಲಿರುವಂತೆ ಮೂರಲ್ಲ. ಆದ್ದರಿಂದ ಕಿತ್ತಳೆ ಅವುಗಳಿಗೆ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ. ಕದ್ದು ಬೇಟೆಯಾಡುವವನು ಇದನ್ನು ಧರಿಸಲಾರ, ಯಾಕೆಂದರೆ ಅವನಿಗೆ ಕಾಣಿಸಿಕೊಳ್ಳುವ ಇಷ್ಟವಿಲ್ಲ. ಆದರೆ ತನ್ನದೇ ಗದ್ದೆ ಕಾಯುವವನಿಗೆ, ನಸುಕಿನಲ್ಲಿ ತೋಟದ ಕಾಲುದಾರಿಯಲ್ಲಿ ಕೆಲಸಕ್ಕೆ ಬರುವವರಿಗೆ, ಸಂಜೆ ಸೌದೆ ಹೊತ್ತು ತೋಟದ ಕಾರ್ಮಿಕರ ಲೈನ್ ಮನೆಗೆ ಮರಳುವ ಹೆಂಗಸರಿಗೆ ಅಡಗುವ ಅಗತ್ಯವೇನಿದೆ? ಈ ಅಂಗಿಯನ್ನು ಮನೆಯಲ್ಲೇ ಹೊಲಿಯಬಹುದು ಎಂಬುದು ಇನ್ನೊಂದು ಅನುಕೂಲ. ಕವಚವನ್ನು ನಾವೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ನಾನು ನಿಸ್ಸಂಕೋಚವಾಗಿ ಹೌದು ಎನ್ನುವುದು ಇದೊಂದಕ್ಕೇ.

ಗುಂಡಿನ ಕವಚವನ್ನು ಮನೆಯಲ್ಲಿ ಮಾಡುವುದು ಏಕೆ ಸಲ್ಲದು ಎಂಬುದನ್ನು ವಿವರಿಸಲೇಬೇಕು, ಏಕೆಂದರೆ ಬೇಡ ಎಂದಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕಬ್ಬಿಣದ ಹಲಗೆಯಿಂದ ಆರಂಭಿಸೋಣ. 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ, 6 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಹಲಗೆ ಮೂರೂವರೆ ಕಿಲೋ ತೂಗುತ್ತದೆ. ಎದೆಗೊಂದು ಬೆನ್ನಿಗೊಂದು ಎಂದರೆ ಏಳು ಕಿಲೋ. ತೂಕವನ್ನು ಸಹಿಸಬಹುದು ಎಂದುಕೊಳ್ಳೋಣ. ಗಟ್ಟಿ ಉಕ್ಕಿಗೆ ಬಡಿದ ಸೀಸದ ಗುಂಡು ಅಲ್ಲಿ ಅಂಟಿಕೊಂಡು ನಿಲ್ಲುವುದಿಲ್ಲ. ಚೂರುಚೂರಾಗಿ ಒಡೆದು, ಹಲಗೆಯ ಮೈಗುಂಟ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಮೇಲಕ್ಕೆ ಸಿಡಿದದ್ದು ಗದ್ದಕ್ಕೂ ಕುತ್ತಿಗೆಗೂ, ಪಕ್ಕಕ್ಕೆ ಸಿಡಿದದ್ದು ತೋಳಿನ ರಕ್ತನಾಳಕ್ಕೂ, ಇಲ್ಲವೇ ಪಕ್ಕದಲ್ಲಿ ನಿಂತವನ ಕಣ್ಣಿಗೂ. ಲಾರಿಯ ಪಟ್ಟಿ ಬೇರೆ ಕೆಲಸಕ್ಕೆಂದು ಹದಗೊಳಿಸಿದ ಉಕ್ಕು. ಅದನ್ನು ಕಾಯಿಸಿ, ಕತ್ತರಿಸಿ, ಬೆಸುಗೆ ಹಾಕಿದ ಕೂಡಲೇ ಆ ಹದವೂ ಉಳಿಯುವುದಿಲ್ಲ.

ನೆಲದ ಹೆಂಚಿನ ಯೋಚನೆಗೆ ಮೂಲವಾದ ಸಂಗತಿ ಸುಳ್ಳಲ್ಲ. ರೈಫಲ್ ಗುಂಡನ್ನು ತಡೆಯುವ ಹಲಗೆಗಳಲ್ಲಿ ಪಿಂಗಾಣಿ ಜಾತಿಯ ವಸ್ತುಗಳನ್ನೇ ಬಳಸುತ್ತಾರೆ: ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್. ಅವು ಗುಂಡಿನ ಉಕ್ಕಿನ ತಿರುಳಿಗಿಂತಲೂ ಗಡುಸಾಗಿರುವುದರಿಂದ ಅದರ ಮೂತಿಯನ್ನು ಪುಡಿಗುಟ್ಟುತ್ತವೆ, ತಾವೂ ಒಡೆಯುತ್ತವೆ, ಒಡೆದ ಚೂರುಗಳನ್ನೂ ಗುಂಡಿನ ಅವಶೇಷವನ್ನೂ ಹಿಂದಿರುವ ನಾರಿನ ದಪ್ಪ ಪದರ ಹಿಡಿದುಕೊಳ್ಳುತ್ತದೆ. ಆ ಪಿಂಗಾಣಿ ಅತಿ ಶುದ್ಧ ಪುಡಿಯಿಂದ, ಒಳಗೆ ರಂಧ್ರಗಳಿಲ್ಲದಂತೆ, ಬಹಳ ಎತ್ತರದ ಉಷ್ಣತೆಯಲ್ಲಿ ಬೆಂದದ್ದು. ಬಚ್ಚಲಮನೆಯ ಹೆಂಚು ಅದರ ಹೆಸರನ್ನು ಮಾತ್ರ ಹಂಚಿಕೊಂಡಿದೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ದೆಹಲಿಯ ಐಐಟಿ ಸೇರಿ ರೂಪಿಸಿ 2024ರಲ್ಲಿ ಪ್ರಕಟಿಸಿದ ‘ಅಭೇದ್’ ಜಾಕೆಟ್ಟಿನಲ್ಲಿ ಪಾಲಿಮರ್ ಮತ್ತು ಬೋರಾನ್ ಕಾರ್ಬೈಡ್ ಇವೆ, ಅದರ ಕನಿಷ್ಠ ತೂಕವೇ 8 ಕಿಲೋ ಮೀರುತ್ತದೆ. ತೂಕ ತಗ್ಗಿಸುವುದೇ ಗುರಿಯಾಗಿದ್ದ ವಿಜ್ಞಾನಿಗಳು ಮುಟ್ಟಿದ ಮಟ್ಟ ಅದು.

ಎಲ್ಲಕ್ಕಿಂತ ದೊಡ್ಡ ತೊಡಕು ಪರೀಕ್ಷೆಯದು. ಮನೆಯಲ್ಲಿ ಮಾಡಿದ ಹಲಗೆಯನ್ನು ಮರಕ್ಕೆ ಒರಗಿಸಿ ಒಂದು ಗುಂಡು ಹೊಡೆದು, ಅದು ದಾಟಲಿಲ್ಲವೆಂದು ಸಂತೋಷಪಟ್ಟರೆ, ನಾವು ಕಂಡುಕೊಂಡದ್ದು ಆ ಹಲಗೆ ಆ ಗುಂಡನ್ನು ತಡೆಯಿತು ಎಂಬುದನ್ನಷ್ಟೇ. ಮುಂದೆ ತೊಡಲಿರುವ ಹಲಗೆ ಅದಲ್ಲ, ಬರಲಿರುವ ಗುಂಡೂ ಅದಲ್ಲ. ಪ್ರಯೋಗಾಲಯದಲ್ಲಿ ಒಂದೇ ಮಾದರಿಯ ಹಲವು ಅಂಗಿಗಳನ್ನು ಒಣಗಿದ್ದಾಗ, ನೆನೆದಾಗ, ಓರೆಯಾಗಿ, ಅಂಚಿಗೆ ಹತ್ತಿರವಾಗಿ, ಮತ್ತೆ ಮತ್ತೆ ಹೊಡೆದು ನೋಡುತ್ತಾರೆ. ಅದಕ್ಕೂ ಮುಂಚೆ ಆ ಅಂಗಿಗಳನ್ನು 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇ 80ರ ತೇವದಲ್ಲಿ, ಹತ್ತು ದಿನ ಡ್ರಮ್ಮಿನೊಳಗೆ ಉರುಳಾಡಿಸಿ ಬಳಕೆಯಂಥ ಸವೆತವನ್ನು ತಂದಿರುತ್ತಾರೆ. ತೋಟದಲ್ಲಿ ಉಕ್ಕಿಗೆ ಗುಂಡು ಹೊಡೆದು ಪರೀಕ್ಷಿಸುವವನಿಗೆ ಮೊದಲು ತಗಲುವುದು ತಿರುಗಿ ಬಂದ ಚೂರು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ತೇವದ ಮಾತು ಬಂದದ್ದರಿಂದ ನಮ್ಮ ಮಳೆಯ ಬಗ್ಗೆ ಹೇಳದೆ ಮುಂದುವರಿಯಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ ಕಡೆಯ ಮನೆಗಳಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಕೆವ್ಲಾರ್ ಒದ್ದೆಯಾದರೆ ಅದರ ತಡೆಯುವ ಶಕ್ತಿ ಕುಗ್ಗುತ್ತದೆ, ಬಿಸಿಲು ನೇರವಾಗಿ ಬಿದ್ದರೆ ನಾರು ನಿಧಾನವಾಗಿ ಹಾಳಾಗುತ್ತದೆ. ಅದಕ್ಕೇ ಅದನ್ನು ನೀರು, ಬೆಳಕು ಹೋಗದ ಒಳಚೀಲದಲ್ಲಿ ಹೊಲಿದು ಮುಚ್ಚಿರುತ್ತಾರೆ, ಆ ಚೀಲ ಹರಿದ ಅಂಗಿಯನ್ನು ನಂಬಬಾರದು. ಜೈಲಾನ್ ಎಂಬ ನಾರಿನ ಕಥೆಯನ್ನು ಇಲ್ಲಿ ನೆನೆಯಬೇಕು. ಅದು ಕೆವ್ಲಾರ್‌ಗಿಂತ ಬಲವಾದದ್ದು, ಹಗುರವಾದದ್ದು ಎಂದು ಹೆಸರು ಪಡೆದಿತ್ತು. 2003ರಲ್ಲಿ ಅಮೆರಿಕದ ಒಬ್ಬ ಪೊಲೀಸ್ ಅಧಿಕಾರಿ ಧರಿಸಿದ್ದ, ಹೆಚ್ಚು ಹಳೆಯದಲ್ಲದ ಜೈಲಾನ್ ಅಂಗಿಯನ್ನು, ಅದು ತಡೆಯಲೇಬೇಕಾಗಿದ್ದ ಗುಂಡು ದಾಟಿತು. ತನಿಖೆ ನಡೆದಾಗ ಬೆಳಕು, ಬಿಸಿ ಮತ್ತು ತೇವದಿಂದ ಆ ನಾರಿನ ಬಲ ಕುಸಿಯುತ್ತದೆಂಬುದು ತಿಳಿಯಿತು, ಮತ್ತು 2005ರಲ್ಲಿ ಜೈಲಾನ್ ಅಂಗಿಗಳ ಮಾನ್ಯತೆಯನ್ನು ಹಿಂತೆಗೆದುಕೊಳ್ಳಲಾಯಿತು. ಕಣ್ಣಿಗೆ ಹೊಸದರಂತೆ ಕಾಣುತ್ತಿದ್ದ ಅಂಗಿ ಒಳಗೇ ಸತ್ತಿತ್ತು. ಅದಕ್ಕೇ ಮೃದು ಕವಚಗಳಿಗೆ ಸಾಮಾನ್ಯವಾಗಿ ಐದು ವರ್ಷದ ವಾಯಿದೆ ಇರುತ್ತದೆ, ಮತ್ತು ಯಾರೋ ಬಳಸಿ ಮಾರಿದ, ಹುಟ್ಟಿದ ದಿನಾಂಕ ಗೊತ್ತಿಲ್ಲದ ಅಂಗಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ನಮ್ಮ ಹವೆಯಲ್ಲಂತೂ ತೀರಾ ಅಪಾಯಕಾರಿ.

ಕತ್ತಿಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಗುಂಡನ್ನೇ ತಡೆಯುವ ಅಂಗಿ ಚೂರಿಯನ್ನು ತಡೆಯದೇ ಎಂದು ಕೇಳಿದರೆ ಉತ್ತರ, ತಡೆಯದೆ ಇರಬಹುದು. ಹಲಸಿನ ಹಣ್ಣನ್ನು ಹಿಡಿದ ಅದೇ ಗೋಣಿತಾಟಿನಲ್ಲಿ ಕಾಫಿ ಮೂಟೆ ಹೊಲಿಯುವ ದಬ್ಬಳ ಎಷ್ಟು ಸಲೀಸಾಗಿ ಇಳಿಯುತ್ತದೆ ನೋಡಿ. ಚೂಪು ತುದಿ ಚಪ್ಪಟೆಯಾಗುವುದಿಲ್ಲ, ನೂಲುಗಳನ್ನು ಸರಿಸಿ ನಡುವೆ ನುಸುಳುತ್ತದೆ, ಹಿಂದಿನಿಂದ ಕೈಯ ಬಲ ತಳ್ಳುತ್ತಲೇ ಇರುತ್ತದೆ. ಇರಿತಕ್ಕೆ ಬೇರೆಯೇ ಮಾನದಂಡವಿದೆ. ಅದರಲ್ಲಿ 24, 33 ಮತ್ತು 43 ಜೂಲ್ ಶಕ್ತಿಯ ಮೂರು ಮಟ್ಟಗಳಿವೆ, ಅಲಗು 7 ಮಿಲಿಮೀಟರ್‌ಗಿಂತ ಹೆಚ್ಚು ಒಳಹೋಗಬಾರದು. ಹಂದಿಯ ಕೋರೆಯೂ ಹೆಚ್ಚುಕಡಿಮೆ ಚೂರಿಯ ಜಾತಿಯದೇ, ಆದರೆ ಅದು ಸೀಳುವುದು ಮೊಣಕಾಲಿನಿಂದ ತೊಡೆಯವರೆಗಿನ ಭಾಗವನ್ನು. ಅಲ್ಲಿಗೆ ಎದೆಯ ಅಂಗಿ ಮತ್ತೆ ನಿರುಪಯುಕ್ತ.

ಕಾಲಿನ ಮಾತು ಬಂತು. ನನ್ನ ಅಭಿಪ್ರಾಯದಲ್ಲಿ ಕೊಡಗಿನ ತೋಟಗಳಿಗೆ ಅತ್ಯಂತ ಅಗತ್ಯವಾದ, ಆದರೆ ಅತ್ಯಂತ ಕಡಿಮೆ ಕಾಣಸಿಗುವ ಕವಚವೆಂದರೆ ಮರ ಕೊಯ್ಯುವ ಯಂತ್ರದವನು ತೊಡಬೇಕಾದ ಕಾಲಂಗಿ. ಮರಗಸಿಯ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಕಾಲದಲ್ಲಿ, ಬಿದ್ದ ಕೊಂಬೆಗಳನ್ನು ತುಂಡರಿಸುತ್ತ, ಪಂಚೆಯನ್ನೋ ಹಳೆಯ ಪ್ಯಾಂಟನ್ನೋ ತೊಟ್ಟು, ರಬ್ಬರ್ ಚಪ್ಪಲಿಯಲ್ಲಿ ಇಳಿಜಾರಿನ ಮೇಲೆ ನಿಂತು ಚೈನ್ ಸಾ ನಡೆಸುವವರನ್ನು ನೋಡಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಯಂತ್ರದ ಸರಪಳಿ ಸೆಕೆಂಡಿಗೆ ಇಪ್ಪತ್ತು ಮೀಟರ್ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಎಡಗಾಲಿನ ತೊಡೆಗೆ ಅದು ತಗಲಿದರೆ ದೊಡ್ಡ ರಕ್ತನಾಳ ತುಂಡಾಗಲು ಕ್ಷಣ ಸಾಕು. ಈ ಕಾಲಂಗಿ ಕೆಲಸ ಮಾಡುವ ಬಗೆ ಗುಂಡಿನ ಅಂಗಿಗಿಂತ ತೀರಾ ಭಿನ್ನ, ಮತ್ತು ನನ್ನ ಕಣ್ಣಿಗೆ ಅದಕ್ಕಿಂತ ಜಾಣತನದ್ದು. ಅದು ಸರಪಳಿಯನ್ನು ತಡೆಯಲು ಹೋಗುವುದೇ ಇಲ್ಲ, ಅದಕ್ಕೆ ಸಿಕ್ಕಿಕೊಳ್ಳಲು ಹೋಗುತ್ತದೆ. ಹೊರಬಟ್ಟೆ ಹರಿದ ಕೂಡಲೇ ಒಳಗೆ ಸಡಿಲವಾಗಿ ತುಂಬಿದ ಉದ್ದನೆಯ ನಾರುಗಳು ಎಳೆದುಕೊಂಡು ಹೊರಬಂದು, ಸರಪಳಿಯೊಂದಿಗೆ ಓಡಿ, ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತವೆ. ಇದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11393. ಸೆಕೆಂಡಿಗೆ 16, 20, 24 ಮತ್ತು 28 ಮೀಟರ್ ಸರಪಳಿ ವೇಗಕ್ಕೆ ನಾಲ್ಕು ದರ್ಜೆಗಳಿವೆ, ಯಂತ್ರದ ವೇಗ ನೋಡಿ ದರ್ಜೆ ಆರಿಸಬೇಕು. ಒಮ್ಮೆ ಸರಪಳಿ ತಗಲಿದ ಕಾಲಂಗಿಯನ್ನು ಹೊಲಿದು ಮತ್ತೆ ಬಳಸಬಾರದು, ಏಕೆಂದರೆ ಹೊಲಿಗೆ ಬಿದ್ದಲ್ಲಿ ನಾರು ಸಡಿಲವಾಗಿ ಹೊರಬರಲಾರದು. ತಲೆಗೆ ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಾಲಿಗೆ ಉಕ್ಕಿನ ಮೂತಿಯ ಬೂಟು ಇದರ ಜೊತೆಗಾರರು. ಇದನ್ನೆಲ್ಲ ಕೊಡಿಸುವ ಹೊಣೆ ಯಂತ್ರ ಹಿಡಿದವನದಲ್ಲ, ತೋಟದ ಯಜಮಾನನದು.

ಹಾವಿನ ವಿಚಾರದಲ್ಲಿ ಗಂಬೂಟೇ ಕವಚ. ನಮ್ಮ ತೋಟಗಳಲ್ಲಿ ಕಾಣುವ ಮಲಬಾರ್ ಗುಳಿಮಂಡಲ, ಉಬ್ಬುಮೂತಿಯ ಗುಳಿಮಂಡಲಗಳ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷದಿಂದ ಪ್ರಯೋಜನವನ್ನು ನೆಚ್ಚಿಕೊಳ್ಳುವಂತಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷದಿಂದ ತಯಾರಾದದ್ದು. ಕಡಿಸಿಕೊಂಡ ಮೇಲಿನ ಉಪಾಯ ಕಡಿಮೆಯಿರುವಲ್ಲಿ ಕಡಿಸಿಕೊಳ್ಳದಿರುವ ಉಪಾಯದ ಬೆಲೆ ಹೆಚ್ಚುತ್ತದೆ. ಆನೆಗಾದರೋ ಕವಚವಿಲ್ಲ. ನಾಲ್ಕೈದು ಟನ್ ತೂಕದ ಸಲಗದೆದುರು ಎಂಟು ಕಿಲೋದ ಜಾಕೆಟ್ ತೊಟ್ಟವನು ಓಡುವ ವೇಗವನ್ನು ಕಳೆದುಕೊಂಡಿರುತ್ತಾನೆ, ಅಷ್ಟೇ. ನೆರೆಯಲ್ಲೂ ಇದೇ ಮಾತು. 2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕಂಡವರಿಗೆ ತುರ್ತು ಎಂದ ಕೂಡಲೇ ನೆನಪಾಗುವುದು ಗುಂಡಲ್ಲ, ಕುಸಿದ ಬೆಟ್ಟ ಮತ್ತು ಉಕ್ಕಿದ ಕಾವೇರಿ. ಕರಡಿಗೋಡಿನಂಥ ನದಿದಂಡೆಯ ಊರುಗಳ ಮನೆಗಳಲ್ಲಿ ತೂಗುಹಾಕಬೇಕಾದ ಅಂಗಿ ತೇಲುವ ಅಂಗಿ, ಮನೆಯಲ್ಲಿರುವ ತಲೆಗಳ ಲೆಕ್ಕಕ್ಕೆ, ಮಕ್ಕಳಿಗೆ ಮಕ್ಕಳ ಅಳತೆಯದು.

ಇಷ್ಟೆಲ್ಲದರ ನಂತರವೂ, ಕೆಲಸದ ಸ್ವರೂಪದಿಂದಾಗಿ ಗುಂಡಿನ ಕವಚ ನಿಜವಾಗಿ ಬೇಕಾದವರು ಇರಬಹುದು. ಅವರು ಪೊಲೀಸ್ ಠಾಣೆಯಲ್ಲಿ ನಿಯಮಗಳನ್ನು ವಿಚಾರಿಸಿಕೊಂಡು, ಮಾನದಂಡದ ಹೆಸರು, ಮಟ್ಟ, ತಯಾರಿಕೆಯ ದಿನಾಂಕ, ಕ್ರಮಸಂಖ್ಯೆ ಅಚ್ಚಾಗಿರುವ ಚೀಟಿ ಒಳಪದರದ ಮೇಲೆಯೇ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ತೊಟ್ಟು ನೋಡದೆ ಕೊಳ್ಳಬಾರದು. ಮೇಲಂಚು ಕುತ್ತಿಗೆಯ ಕುಳಿಗಿಂತ ಎರಡು ಬೆರಳು ಕೆಳಗಿರಬೇಕು; ಕುಳಿತಾಗ ಕೆಳಅಂಚು ತೊಡೆಗೆ ತಾಗಿ ಅಂಗಿಯನ್ನು ಗಂಟಲಿಗೆ ಒತ್ತಬಾರದು; ಎರಡೂ ಪಕ್ಕಗಳಲ್ಲಿ ಮುಂಭಾಗ ಹಿಂಭಾಗದ ಮೇಲೆ ಒಂದಿಷ್ಟು ಬರಬೇಕು. ಮೂರು ಎ ಮಟ್ಟದ ಮೃದು ಅಂಗಿ ಎರಡು ಮೂರು ಕಿಲೋ ತೂಗುತ್ತದೆ, ಆದ್ದರಿಂದ ದಿನವಿಡೀ ತೊಡಬಹುದು. ಮಡಚಿ ಮೂಲೆಗೆ ಎಸೆಯದೆ ಚಪ್ಪಟೆಯಾಗಿ ಮಲಗಿಸಿ, ಒಣಗಿದ ಜಾಗದಲ್ಲಿ ಇಡಬೇಕು.

ಯಾವ ಕವಚವೂ ಮುಚ್ಚದ ಜಾಗಕ್ಕೆ ಪೆಟ್ಟು ಬಿದ್ದಾಗ ಏನು ಮಾಡುವುದು ಎಂಬುದಕ್ಕೂ ಸಿದ್ಧತೆ ಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ತೋಟದಿಂದ ಡಾಂಬರು ರಸ್ತೆಗೆ ಬರುವುದೇ ಕೆಲವು ಕಡೆ ಅರ್ಧ ಗಂಟೆ. ತೊಡೆಯ ದೊಡ್ಡ ರಕ್ತನಾಳ ತುಂಡಾದವನಿಗೆ ಅಷ್ಟು ಹೊತ್ತಿಲ್ಲ. ಗಾಯದ ಮೇಲೆ ಶುಭ್ರ ಬಟ್ಟೆಯಿಟ್ಟು ಎರಡೂ ಕೈಗಳಿಂದ ಬಿಡದೆ ಒತ್ತುವುದು, ಕೈಕಾಲಿನ ರಕ್ತ ಅದಕ್ಕೂ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಅಗಲದ ಟೂರ್ನಿಕೆ ಪಟ್ಟಿಯನ್ನು ರಕ್ತ ನಿಲ್ಲುವವರೆಗೆ ಬಿಗಿದು, ಬಿಗಿದ ಸಮಯವನ್ನು ಬರೆದಿಡುವುದು, 108ಕ್ಕೆ ಕರೆ ಮಾಡುವುದು: ಇವನ್ನು ಮನೆಯಲ್ಲಿ ಇಬ್ಬರಾದರೂ ಕೈಯಾರೆ ಮಾಡಿ ಕಲಿತಿರಬೇಕು. ಹಾವು ಕಡಿದ ಕಾಲಿಗೆ ಮಾತ್ರ ಈ ಪಟ್ಟಿಯನ್ನು ಕಟ್ಟಬಾರದು. ಎರಡನ್ನೂ ಬೆರೆಸಿಕೊಳ್ಳುವವರು ಬಹಳ ಮಂದಿ.

ಅಣ್ಣನ ಮಗನಿಗೆ ಇದನ್ನೆಲ್ಲ ಮೂರು ನಾಲ್ಕು ಸಂಜೆ ಕೂತು ಹೇಳಿದೆ. ಜಾಕೆಟ್ಟಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಅವನು ಮನೆಯವರಿಗೂ ಕೆಲಸದವರಿಗೂ ಸೇರಿ ಹನ್ನೆರಡು ಕಿತ್ತಳೆ ಅಂಗಿಗಳನ್ನು ಹೊಲಿಸಿದ, ಎರಡು ಟೂರ್ನಿಕೆ ಪಟ್ಟಿಗಳನ್ನು ತರಿಸಿ ಒಂದನ್ನು ಜೀಪಿನಲ್ಲಿಟ್ಟ. ಉಳಿದದ್ದಕ್ಕೆ ನಾನು ಸ್ವಲ್ಪ ಸೇರಿಸಿದ್ದೇನೆ. ಮುಂದಿನ ಮರಗಸಿ ಶುರುವಾಗುವ ಮೊದಲು ಯಂತ್ರ ನಡೆಸುವವನ ಸೊಂಟದ ಮತ್ತು ಕಾಲಿನ ಅಳತೆ ತೆಗೆದು ಕಾಲಂಗಿ ತರಿಸಬೇಕು. ಅಳತೆಗೆ ಅವನು ಈ ಭಾನುವಾರ ಬರುತ್ತಾನೆ.